‘ರಕ್ತದಲ್ಲೇ ಇದೆ ಬಿಡಿ’

ಟೀವಿಯ ಟ್ಯಾಲೆಂಟ್ ಶೋ ಇರಲಿ, ಊರಹಬ್ಬದ ವೇದಿಕೆ ಇರಲಿ, ಜನಪದ ವಾದ್ಯ ಹಿಡಿದ ಮಗುವೊಂದು ಬಂದು ನಿಂತರೆ ಸಾಕು, ನಿರೂಪಕರ ಬಾಯಿಂದ ಈ ಮಾತು ಬಂದೇ ಬರುತ್ತೆ. “ಇವನಿಗೆ ಯಾರೂ ಕಲಿಸಬೇಕಾಗಿಲ್ಲ, ರಕ್ತದಲ್ಲೇ ಇದೆ ಬಿಡಿ.” ಚಪ್ಪಾಳೆ. ಕ್ಯಾಮೆರಾ ಸೀದಾ ಅಪ್ಪನ ಒದ್ದೆ ಕಣ್ಣಿಗೆ. ಮಗು ಏನು ನುಡಿಸಿತು, ಎಲ್ಲಿ ಚೆನ್ನಾಗಿತ್ತು, ಎಲ್ಲಿ ಜಾರಿತು, ಇದ್ಯಾವುದೂ ಆಮೇಲೆ ಯಾರಿಗೂ ಬೇಡ. ಅದೇ ವೇದಿಕೆಗೆ ಕರ್ನಾಟಕ ಸಂಗೀತ ಕಲಿತ ಮಗು ಬರಲಿ, ಕೇಳೋ ಪ್ರಶ್ನೆಗಳೇ ಬೇರೆ. ಎಷ್ಟು ವರ್ಷದಿಂದ ಕಲೀತಿದೀಯ? ಗುರುಗಳು ಯಾರು? ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ? ಶ್ರುತಿ ಸ್ವಲ್ಪ ಇಳಿದಿದ್ದರೆ ಅದನ್ನೂ ಮೆತ್ತಗೆ ಹೇಳ್ತಾರೆ. ಆ ಮಗುವನ್ನು ತಿದ್ದಬಹುದು ಅಂತ ಅವರಿಗೆ ಅನ್ನಿಸುತ್ತೆ. ನಮ್ಮ ಹಟ್ಟಿಯ ಹುಡುಗನನ್ನು ಬರೀ ಹೊಗಳಬಹುದು, ಅಷ್ಟೆ.

ನಾನು ಹನ್ನೆರಡು ವರ್ಷದಿಂದ ಬೆಂಗಳೂರಲ್ಲಿ ಕೋಡ್ ಬರೀತಿದೀನಿ. ಅಪ್ಪ ರಾಗಿ, ತೆಂಗು ಬೆಳೆದವರು. ಯಾವ ಅಪ್ರೈಸಲ್‌ನಲ್ಲೂ ಯಾರೂ ನನಗೆ ಜಾವಾ ರಕ್ತದಲ್ಲೇ ಬಂದಿದೆ ಅಂದಿಲ್ಲ. ಎಷ್ಟು ವರ್ಷದ ಅನುಭವ, ಏನೇನು ಮಾಡಿದೀಯ, ಎಲ್ಲಿ ಕೆಡಿಸಿದೀಯ, ಎಲ್ಲ ಎಣಿಸಿಯೇ ಮಾತಾಡ್ತಾರೆ. ಅಂಥಾದ್ದರಲ್ಲಿ ಒಂಬತ್ತು ವರ್ಷದ ಹುಡುಗ ಗಣೆ ಊದಿದರೆ ಅವನ ದುಡಿಮೆಯನ್ನೆಲ್ಲ ಅವನ ತಾತ ಮುತ್ತಾತಂದಿರ ಖಾತೆಗೆ ಜಮಾ ಮಾಡೋದು ಯಾವ ನ್ಯಾಯ? ಕೇಳಿ ವಿಮರ್ಶೆ ಮಾಡೋ ಕಷ್ಟ ತಪ್ಪಿಸಿಕೊಳ್ಳೋಕೆ ಸಿಕ್ಕಿರೋ ಸುಲಭದ ದಾರಿ ಇದು ಅಂತ ನನ್ನ ತಕರಾರು.

ರಕ್ತಕ್ಕೆ ಕಸುಬು ನೆನಪಿರುತ್ತೆ ಅನ್ನೋರಿಗೆ ನಮ್ಮೂರು ಮತ್ತೋಡನ್ನು ತೋರಿಸಬೇಕು. ಹೊಸದುರ್ಗ ತಾಲ್ಲೂಕಿನ ಹೋಬಳಿ ಕೇಂದ್ರ, ಬಸ್ ಇಳಿದರೆ ಹತ್ತು ನಿಮಿಷದಲ್ಲಿ ನೋಡಿ ಮುಗಿಸಬಹುದು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಊರಿನ ಗಾಜಿನ ಕೆಲಸ ನೋಡಿ ಬರೆದಿದ್ದಾನೆ. ಅವನ ಪುಸ್ತಕ ಅಚ್ಚಾಗಿದ್ದು 1807ರಲ್ಲಿ. ಇಲ್ಲಿ ಕುಲುಮೆ ಹೂಡಿ ಗಾಜು ಕರಗಿಸಿ ಹೆಂಗಸರ ಕೈಬಳೆ ಮಾಡ್ತಿದ್ದರು. ಕಸುಬು ಅಪ್ಪನಿಂದ ಮಗನಿಗೆ ಬಂದಿದ್ದು. ಈಗ ನಮ್ಮ ಜಾತ್ರೆಯಲ್ಲಿ ಮಾರೋ ಬಳೆ ಫಿರೋಜಾಬಾದಿನದು. ನಾನು ಹುಟ್ಟೋ ಹೊತ್ತಿಗೆ ಗಾಜು ಕರಗಿಸೋದು ಗೊತ್ತಿದ್ದೋರು ಊರಲ್ಲಿ ಒಬ್ಬರೂ ಇರಲಿಲ್ಲ. ಆ ಮನೆಗಳ ರಕ್ತ ಎಲ್ಲಿಗೂ ಹೋಗಿಲ್ಲ, ಅವರ ಮರಿಮಕ್ಕಳು ಇಲ್ಲೇ ಎಲ್ಲೋ ಇದ್ದಾರೆ. ಕಲಿಸೋದು ನಿಂತಿತು, ಕೊಳ್ಳೋದು ನಿಂತಿತು, ಕಸುಬು ಹೋಯಿತು.

ಗಣೆ ಇನ್ನೂ ಹೋಗಿಲ್ಲ. ಅದು ಯಾಕೆ ಹೋಗಿಲ್ಲ ಅನ್ನೋದು ನನಗೆ ಬಳೆಗಿಂತ ದೊಡ್ಡ ಕುತೂಹಲ.

ಗಣೆ ಗೊತ್ತಿಲ್ಲದೋರಿಗೆ ಹೇಳ್ತೀನಿ. ಕಾಡುಗೊಲ್ಲರ ಬಿದಿರಿನ ವಾದ್ಯ. ಕೊಳಲಿನ ಜಾತಿಯದೇ, ಆದರೆ ಕೃಷ್ಣನ ಕ್ಯಾಲೆಂಡರಿನ ಕೊಳಲಿಗೆ ಹೋಲಿಸಬೇಡಿ, ಬಹಳ ಉದ್ದ, ದನಿ ಬಹಳ ಕೆಳಗೆ. ಮೊದಲು ಕೇಳೋದು ಉಸಿರು, ಸ್ವರ ಅದರ ಹಿಂದಿಂದ ಬರುತ್ತೆ. ಚಿತ್ರದುರ್ಗ, ತುಮಕೂರು ಸೀಮೆಯ ಗೊಲ್ಲರಹಟ್ಟಿಗಳಲ್ಲಿ ಇದು ಬರೀ ವಾದ್ಯ ಅಲ್ಲ, ಜುಂಜಪ್ಪನ ಕೈಯಲ್ಲಿದ್ದ ವಸ್ತು. ಜುಂಜಪ್ಪ ಅವರ ವೀರ, ದೈವ. ದನ ಕಾದವನು, ಗಣೆ ಊದಿದವನು, ಸೋದರಮಾವಂದಿರ ದ್ವೇಷಕ್ಕೆ ವಿಷ ಉಂಡು ಸತ್ತವನು. ಶಿರಾ ತಾಲ್ಲೂಕಿನ ಕಳುವರಹಳ್ಳಿ ಹತ್ತಿರ ಅವನ ಗುಡ್ಡ ಇದೆ. ಅವನ ಕಥೆಯನ್ನು ಪದವಾಗಿ ಹೇಳ್ತಾರೆ. ಒಂದಷ್ಟು ಹಾಡಿ, ಒಂದಷ್ಟು ಗಣೆ ಊದಿ, ಮತ್ತೆ ಹಾಡಿ, ಹೀಗೆ ರಾತ್ರಿಯೆಲ್ಲ. ಹಾಗಾಗಿ ಗಣೆ ಕಲಿಯೋದು ಅಂದರೆ ಬೆರಳು, ತುಟಿ ಕಲಿಯೋದಷ್ಟೇ ಅಲ್ಲ. ಒಂದು ಇಡೀ ಕಾವ್ಯ ಬಾಯಿಗೆ ಬರಬೇಕು. ಮ್ಯಾನುಯಲ್ ಇಲ್ಲ, ನೋಟ್ಸ್ ಇಲ್ಲ. ತೀ.ನಂ. ಶಂಕರನಾರಾಯಣ ಅವರಂಥ ವಿದ್ವಾಂಸರು ಕಾಡುಗೊಲ್ಲರ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ, ಆ ಪುಸ್ತಕಗಳು ನಮ್ಮಂಥವರಿಗೆ. ಹಟ್ಟಿಯ ಹುಡುಗ ಅದನ್ನು ಓದಿ ಕಲಿಯೋದಿಲ್ಲ.

ಹೈಸ್ಕೂಲಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂರ್ತಿದ್ದ ಗೆಳೆಯ ನಮ್ಮೂರ ಹತ್ತಿರದ ಗೊಲ್ಲರಹಟ್ಟಿಯವನು. ಅವನಪ್ಪ ಗಣೆ ಊದ್ತಾರೆ. ಗೆಳೆಯ ಊದಲ್ಲ, ಅವನದು ಟಾಟಾ ಏಸ್ ಗಾಡಿ. ಅವನ ಮಗ ಈಗ ತಾತನ ಹತ್ತಿರ ಕಲೀತಿದಾನೆ. ಮೂರು ವರ್ಷದಿಂದ ಊರಿಗೆ ಹೋದಾಗಲೆಲ್ಲ ಹಟ್ಟಿಗೆ ಹೋಗಿ ಕೂತು ಕೇಳಿದೀನಿ. ನೋಡಿ, ರಕ್ತದ ವಾದ ಇಲ್ಲೇ ಅರ್ಧ ಬಿದ್ದುಹೋಯ್ತು. ನಡುವಿನ ತಲೆಮಾರಿನ ರಕ್ತ ಡೀಸೆಲ್ ಹಿಂದೆ ಹೋಯ್ತಲ್ಲ!

ಹುಡುಗನ ಕಲಿಕೆ ಶುರುವಾಗಿದ್ದು ಗಣೆಯಿಂದಲ್ಲ. ತಾತ ಪದ ಹೇಳೋವಾಗ ಪಕ್ಕ ಕೂತು ಸಾಲಿನ ಕೊನೆಗೆ ದನಿಗೂಡಿಸ್ತಿದ್ದ. ಮೊದಲು ಬರೀ ‘ಹೂಂ’. ಆಮೇಲೆ ಕೊನೆಯ ಎರಡು ಪದ. ಆಮೇಲೆ ಅರ್ಧ ಸಾಲು. ಹೀಗೆ ವರ್ಷ ಕಳೆಯೋ ಹೊತ್ತಿಗೆ ಯಾವ ಸಾಲಿನ ನಂತರ ಯಾವುದು ಅನ್ನೋದು ಅವನಿಗೆ ಗೊತ್ತಾಗಿತ್ತು, ಕಲೀತಿದೀನಿ ಅನ್ನೋದು ಗೊತ್ತಾಗಿರಲಿಲ್ಲ. ಗಣೆ ಕೈಗೆ ಬಂದಿದ್ದು ಆಮೇಲೆ. ಅದೂ ತಾತನ ಗಣೆ ಅಲ್ಲ, ಸೀಳಿದ್ದಕ್ಕೆ ದಾರ ಬಿಗಿದು ಮೇಣ ಮೆತ್ತಿದ್ದ ಒಂದು ಹಳೇದು. ಕೈ ಪೂರ್ತಿ ಚಾಚಿದರೂ ಬೆರಳು ಸರಿಯಾಗಿ ಕೂರ್ತಿರಲಿಲ್ಲ. ಎಷ್ಟೋ ದಿನ ಅದರಿಂದ ಬಂದಿದ್ದು ಪ್ರೆಶರ್ ಕುಕ್ಕರಿನ ವಾಷರ್ ಹೋದಾಗ ಬರುತ್ತಲ್ಲ, ಆ ಸದ್ದು. ತಾತ ಸ್ವರ ಅಂತ ಒಂದು ದಿನವೂ ಅಂದಿದ್ದು ನಾನು ಕೇಳಿಲ್ಲ. “ಗಾಳಿ ಚೆಲ್ಲಬ್ಯಾಡ ಕಣಪ್ಪ” ಅನ್ನೋರು, ಹಾಲು ಚೆಲ್ಲಬೇಡ ಅನ್ನೋ ಹಾಗೆ. ಅಷ್ಟೇ ಪಾಠ. ಹುಡುಗ ಮುಖ ಊದಿಸಿಕೊಂಡು ಎದ್ದುಹೋದರೆ ಕರೀತಿರಲಿಲ್ಲ. ಸಂಜೆಗೆ ತಾನೇ ಬರ್ತಿದ್ದ.

ಈಗ ಅವನ ಗಣೆ ಹೇಗಿದೆ? ಮನೆತನ, ತಲೆಮಾರು ಎಲ್ಲ ಪಕ್ಕಕ್ಕಿಟ್ಟು ಹೇಳೋದಾದರೆ, ಉಸಿರು ಚೆನ್ನಾಗಿದೆ. ಉದ್ದದ ದನಿಯನ್ನು ನಡುಗಿಸದೆ ಹಿಡೀತಾನೆ. ದನಿ ನಿಲ್ಲಿಸೋವಾಗ ಕತ್ತರಿಸದೆ ಗಾಳಿಗೆ ಬಿಟ್ಟುಬಿಡ್ತಾನೆ, ಅದು ತಾತನದೇ ರೀತಿ, ಕೇಳಿದರೆ ಮೈ ಜುಮ್ಮೆನ್ನುತ್ತೆ. ಆದರೆ ಖಾಲಿ ಜಾಗ ಅವನಿಗೆ ಭಯ. ತಾತ ಒಂದು ಸಾಲು ಹೇಳಿ ಸುಮ್ಮನಾಗ್ತಾರೆ, ಕೇಳೋರಿಗೆ ಆ ಮಾತು ಒಳಗೆ ಇಳಿಯಲಿ ಅಂತ. ಅದಾದ ಮೇಲೆ ಗಣೆ. ಹುಡುಗ ಆ ಸುಮ್ಮನಿರೋ ಜಾಗವನ್ನೂ ಊದಿ ತುಂಬಿಸಿಬಿಡ್ತಾನೆ. ಜುಂಜಪ್ಪನಿಗೆ ಮಾವಂದಿರು ವಿಷ ಇಕ್ಕೋ ಕಡೆ ಬಂದಾಗಲೂ ದನ ಮೇಯಿಸೋ ಪದದ ಉತ್ಸಾಹದಲ್ಲೇ ಊದ್ತಾನೆ. ಕಥೆ ಅವನ ಬಾಯಿಗೆ ಬಂದಿದೆ, ಗಣೆಗೆ ಇನ್ನೂ ಬಂದಿಲ್ಲ. ಒಂಬತ್ತು ವರ್ಷಕ್ಕೆ ಅದು ತಪ್ಪೇನಲ್ಲ. ಆದರೂ ಇದನ್ನು ಯಾರಾದರೂ ಅವನಿಗೆ ಹೇಳಬೇಕು, ಹೇಳೋದಕ್ಕೆ ಮೊದಲು ಯಾರಾದರೂ ಕೂತು ಕೇಳಬೇಕು.

ಹೋದ ವರ್ಷ ಒಂದು ಸರ್ಕಾರಿ ಕಾರ್ಯಕ್ರಮದಲ್ಲಿ ಇವನನ್ನು ವೇದಿಕೆ ಹತ್ತಿಸಿದ್ದರು. ಮೊಬೈಲಲ್ಲಿ ರೆಕಾರ್ಡ್ ಮಾಡಿ ಗೆಳೆಯ ಕಳಿಸಿದ. ಎರಡು ನಿಮಿಷ. ಹಿಂದೆ ಕೀಬೋರ್ಡು, ರಿದಮ್ ಪ್ಯಾಡು. ಗಣೆಯ ಉಸಿರಿನ ಸದ್ದನ್ನು ನಾಯ್ಸ್ ಅಂದುಕೊಂಡು ಸೌಂಡಿನವರು ಪೂರ್ತಿ ತೆಗೆದುಬಿಟ್ಟಿದ್ದರು, ಉಳಿದಿದ್ದು ತೆಳ್ಳಗಿನ ಒಂದು ಸೀಟಿ. ಪದ ಇಲ್ಲವೇ ಇಲ್ಲ. ಕೊನೆಗೆ ನಿರೂಪಕಿ ಬಂದು ಅದೇ ಮಾತು, ರಕ್ತದಲ್ಲೇ ಇದೆ. ಅಲ್ಲ ಮೇಡಂ, ಉಸಿರಲ್ಲಿತ್ತು, ಅದನ್ನೇ ತೆಗೆದಿರಲ್ಲ!

ಇಲ್ಲಿ ಪಶ್ಚಿಮ ಆಫ್ರಿಕಾದ ಕೋರಾ ಬಗ್ಗೆ ಹೇಳಲೇಬೇಕು, ಯಾಕಂದರೆ ‘ರಕ್ತ’ದ ಮಾತು ಜಗತ್ತಲ್ಲೇ ಅತಿ ಹೆಚ್ಚು ಸುರಿದಿರೋದು ಆ ವಾದ್ಯದ ಮೇಲೆ. ನಿಮ್ಮಲ್ಲಿ ಹಲವರು ಆಫೀಸಲ್ಲಿ ಹೆಡ್‌ಫೋನ್ ಹಾಕಿಕೊಂಡು ‘ಫೋಕಸ್ ಮ್ಯೂಸಿಕ್’ ಪ್ಲೇಲಿಸ್ಟಲ್ಲಿ ಅದನ್ನು ಕೇಳಿರ್ತೀರಿ, ಹೆಸರು ಗೊತ್ತಿರಲ್ಲ. ಅರ್ಧ ಸೋರೆಬುರುಡೆಗೆ ಹಸುವಿನ ಚರ್ಮ ಬಿಗಿದು, ಉದ್ದದ ಕೋಲು ಸಿಕ್ಕಿಸಿ, 21 ತಂತಿ ಕಟ್ಟಿರ್ತಾರೆ. ಎರಡೂ ಕೈಯ ಹೆಬ್ಬೆರಳು, ತೋರುಬೆರಳು ಮಾತ್ರ ಮೀಟೋದು, ಉಳಿದ ಬೆರಳು ಹಿಡಿಕೆಗೆ. ಹಿಂದೆ ಚರ್ಮದ ತಂತಿ ಇತ್ತು, ಈಗ ಮೀನು ಹಿಡಿಯೋ ನೈಲಾನ್ ದಾರ. ಮಾಲಿ, ಗ್ಯಾಂಬಿಯಾ, ಸೆನೆಗಲ್, ಗಿನಿ ಸೀಮೆಯ ಜೆಲಿ ಅನ್ನೋ ವಂಶಗಾಯಕರ ಮನೆಗಳ ಸೊತ್ತು. ರಾಜರ ವಂಶಾವಳಿ ಹೇಳೋದು, ಹೊಗಳೋದು, ಜಗಳ ಬಿಡಿಸೋದು ಅವರ ಕೆಲಸ. ನಮ್ಮ ಹೆಳವರನ್ನು ನೆನೆಸಿಕೊಳ್ಳಿ, ಸ್ವಲ್ಪ ಹತ್ತಿರ ಬರುತ್ತೆ.

ತೂಮಾನಿ ಜಬಾತೆ (1965–2024) ಆ ವಾದ್ಯದ ಬಹಳ ದೊಡ್ಡ ಹೆಸರು. ಅವರ ಬಗ್ಗೆ ಬರೆದಿದ್ದನ್ನು ಯಾವುದನ್ನೇ ತೆಗೆಯಿರಿ, ‘71 ತಲೆಮಾರು’ ಅಂತ ಶುರುವಾಗುತ್ತೆ. ತಲೆಮಾರಿಗೆ 25 ವರ್ಷ ಹಿಡಿದರೆ 1775 ವರ್ಷ ಆಯ್ತು. ಕೋರಾದಂಥ ವಾದ್ಯವನ್ನು ಯುರೋಪಿನವನೊಬ್ಬ ಕಾಗದದ ಮೇಲೆ ಬರೆದಿದ್ದು 1799ರಲ್ಲಿ, ಮಂಗೋ ಪಾರ್ಕ್ ತನ್ನ ಪ್ರವಾಸದ ಪುಸ್ತಕದಲ್ಲಿ. ಅವನು ಲೆಕ್ಕ ಹಾಕಿದ್ದು 18 ತಂತಿ. ಜಬಾತೆ ಮನೆತನ ಸುಳ್ಳು ಹೇಳ್ತಿದೆ ಅಂತಲ್ಲ. ವಂಶ ಹೇಳೋದೇ ಕಸುಬಾದವರ ಮನೆಯಲ್ಲಿ 71 ಅನ್ನೋದೂ ಒಂದು ಪದ, ಅದನ್ನು ಎಕ್ಸೆಲ್ ಶೀಟಿನ ಅಂಕಿ ಅಂತ ಓದಿದವರು ಪತ್ರಕರ್ತರು. ತಮಾಷೆ ಏನಂದರೆ ಸ್ವತಃ ತೂಮಾನಿ ಹೇಳಿದ್ದು ಅಪ್ಪ ಸಿದಿಕಿ ನನ್ನನ್ನು ಕೂರಿಸಿಕೊಂಡು ಕಲಿಸಲಿಲ್ಲ, ಕೇಳಿ ಕೇಳಿ ನಾನೇ ಕಲಿತೆ ಅಂತ. ಐದನೇ ವಯಸ್ಸಿಗೆ ಶುರು. 71 ತಲೆಮಾರಿನ ಕೊನೆಯಲ್ಲಿ ಒಬ್ಬ ಹುಡುಗ ಒಬ್ಬನೇ ಕೂತು ಬುರುಡೆ ಮೀಟ್ತಿದಾನೆ!

ಕೋರಾದಲ್ಲಿ ಮಕ್ಕಳು ಮೊದಲು ಕಲಿಯೋದು ಕುಂಬೆಂಗೊ. ಸುತ್ತಿ ಸುತ್ತಿ ಬರೋ ಒಂದು ವರಸೆ, ಅದರ ಮೇಲೇ ಹಾಡು ನಿಲ್ಲೋದು. ಮಿಂಚಿನ ಹಾಗೆ ಇಳಿಯೋ ಓಟಗಳಿಗೆ ಬಿರಿಮಿಂತಿಂಗೊ ಅಂತಾರೆ, ಅದು ಆಮೇಲಿನದು. ಕುಂಬೆಂಗೊ ಕೈಗೆ ಕೂರೋವರೆಗೆ ಅದೇ ನಾಲ್ಕು ಬೆರಳು, ಅದೇ ವರಸೆ, ತಿಂಗಳುಗಟ್ಟಲೆ. ಬೇಜಾರಿನ ಕೆಲಸ. ಹಟ್ಟಿಯ ಹುಡುಗನ ‘ಹೂಂ’ ನನಗೆ ನೆನಪಾಗೋದು ಇಲ್ಲೇ. ಇಬ್ಬರಿಗೂ ಮೊದಲ ಪಾಠ ಇನ್ನೊಬ್ಬರ ಹಾಡನ್ನು ಹೊರೋದು.

2014ರಲ್ಲಿ ತೂಮಾನಿ ತಮ್ಮ ಮಗನ ಜೊತೆ ಒಂದು ಆಲ್ಬಮ್ ಮಾಡಿದರು, ‘ತೂಮಾನಿ ಅಂಡ್ ಸಿದಿಕಿ’. ಮಗನಿಗೆ ತಾತನದೇ ಹೆಸರು. ಈ ಸಿದಿಕಿ ಮಾಲಿಯಲ್ಲಿ ಹಿಪ್‌ಹಾಪ್ ಮಾಡಿ ದೊಡ್ಡ ಸ್ಟಾರ್ ಆದವನು. ಎರಡು ಕೋರಾ, ಮುಖಾಮುಖಿ. ತುಂಬಾ ಹೊಗಳಿಸಿಕೊಂಡ ಆಲ್ಬಮ್. ನನಗೆ ಅರ್ಧ ಇಷ್ಟ. ಎಷ್ಟೋ ಕಡೆ ಯಾವುದು ಅಪ್ಪ, ಯಾವುದು ಮಗ ಅಂತ ಗೊತ್ತೇ ಆಗಲ್ಲ, ಅದನ್ನೇ ದೊಡ್ಡ ಗುಣ ಅಂತ ಬರೆದರು. ನನಗೆ ಅದೇ ಕೊರತೆ ಅನ್ನಿಸ್ತು. ಮಗ ಅಪ್ಪನ ಮುಂದೆ ಟೊಪ್ಪಿ ತೆಗೆದು ನಿಂತ ಹಾಗೆ ನುಡಿಸ್ತಾನೆ, ತನ್ನ ಊರಿನ ಹುಡುಗರನ್ನು ಕುಣಿಸಿದ ಆ ತಂಟೆಕೋರ ಎಲ್ಲೂ ಕಾಣಲ್ಲ. ಹೊರತು ಅಂದರೆ ‘ಲ್ಯಾಂಪೆಡೂಸ’. ಯುರೋಪ್ ಮುಟ್ಟೋಕೆ ಹೋಗಿ ಆ ದ್ವೀಪದ ಹತ್ತಿರ ಸಮುದ್ರದಲ್ಲಿ ಮುಳುಗಿದವರಿಗಾಗಿ ಮಾಡಿದ್ದು. ಅಲ್ಲಿ ಸ್ವರಗಳ ನಡುವೆ ಜಾಗ ಇದೆ. ಅದೇ ಆಲ್ಬಮಲ್ಲಿ ‘ತೊಗುನಾ ಇಂಡಸ್ಟ್ರೀಸ್’ ಅಂತ ಇನ್ನೊಂದು ಇದೆ, ಅದು ಮಾಲಿಯ ಒಂದು ಗೊಬ್ಬರದ ಕಂಪನಿ! ನಗಬೇಡಿ. ಹೊಗಳಿಸಿಕೊಂಡವರು ಸಾಕಬೇಕು ಅನ್ನೋದು ಜೆಲಿ ಮನೆಗಳ ಹಳೇ ಒಪ್ಪಂದ. ರಾಜ ಹೋದ ಜಾಗಕ್ಕೆ ಗೊಬ್ಬರದವರು ಬಂದಿದ್ದಾರೆ. ಈ ವಾದ್ಯ ಉಳಿದಿರೋದರಲ್ಲಿ ರಕ್ತಕ್ಕಿಂತ ಇಂಥ ಒಪ್ಪಂದದ ಪಾಲು ಜಾಸ್ತಿ ಅಂತ ನನ್ನ ಗುಮಾನಿ. ಮತ್ತೋಡಿನ ಕುಲುಮೆಗೆ ಅಂಥವರು ಯಾರೂ ಸಿಗಲಿಲ್ಲ.

ರಕ್ತ ಬಾಗಿಲು ತೆಗೆದ ಹಾಗೆ ಹಾಕೋದೂ ಉಂಟು. ಮಾಲಿಯವರೇ ಆದ ಸಲೀಫ್ ಕೇಯ್ಟಾ ರಾಜವಂಶದ ಹೆಸರಿನವರು. ಹಾಡ್ತೀನಿ ಅಂದಾಗ ಮನೆಯವರು ಒಪ್ಪಲಿಲ್ಲ, ಹಾಡೋದು ಜೆಲಿಗಳ ಕೆಲಸ, ನಮ್ಮಂಥವರದಲ್ಲ ಅಂತ. ಸೋನಾ ಜೊಬಾರ್ತೆ ಗ್ಯಾಂಬಿಯಾದ ಹೆಸರುವಾಸಿ ಕೋರಾ ಮನೆತನದವರು. ರಕ್ತ ಬೇಕಾದಷ್ಟಿತ್ತು, ಆದರೆ ಕೋರಾ ಗಂಡಸರ ವಾದ್ಯ. ಆ ಗೆರೆ ದಾಟಿ ಕಲಿತು, ಈಗ ಗ್ಯಾಂಬಿಯಾದಲ್ಲಿ ಮಕ್ಕಳಿಗಾಗಿ ಶಾಲೆ ನಡೆಸ್ತಾರೆ. ನಮ್ಮ ಕಡೆ? ಕಾಡುಗೊಲ್ಲ ಹೆಂಗಸರ ಬಾಯಲ್ಲಿ ಹಾಡಿನ ಕಣಜವೇ ಇದೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಹೆಸರು ಕೇಳಿರ್ತೀರಿ, ಕೃಷ್ಣಮೂರ್ತಿ ಹನೂರರು ಅವರ ಹಾಡುಗಳನ್ನು ಸಂಗ್ರಹಿಸಿದರು. ಅಕ್ಷರ ಕಲಿಯದ ಅಜ್ಜಿ, ತಲೆಯಲ್ಲಿ ಸಾವಿರಾರು ಸಾಲು. ಗಣೆ ಮಾತ್ರ ನಾನು ನೋಡಿದ ಕಡೆಯೆಲ್ಲ ಗಂಡಸರ ಕೈಯಲ್ಲೇ. ಗೆಳೆಯನ ಮಗಳು ಏಳನೇ ಕ್ಲಾಸು, ಅಣ್ಣತಮ್ಮಂದಿರ ಪೈಕಿ ಯಾರಿಗಿಂತಲೂ ಪದ ಅವಳಿಗೇ ಚೆನ್ನಾಗಿ ಬರುತ್ತೆ, ತಮ್ಮ ಸಾಲು ಮರೆತರೆ ಒಳಗಿಂದ ಎತ್ತಿಕೊಡೋದು ಅವಳು. ಮುಟ್ಟಾದ ಹೆಂಗಸರನ್ನು ಹಟ್ಟಿಯ ಹೊರಗೆ ಕೂರಿಸೋ ಪದ್ಧತಿ ಇನ್ನೂ ಪೂರ್ತಿ ಹೋಗದ ಕಡೆ ದೇವರ ವಾದ್ಯ ಅವಳ ಕೈಗೆ ಬರೋದು ದೂರದ ಮಾತು. ಅವಳಿಗೂ ಅದೇ ರಕ್ತ ಅಲ್ಲವೇನ್ರಿ?

ಇನ್ನು ತಮಟೆ. ರಕ್ತದ ಮಾತು ಹೊಗಳಿಕೆಯಾಗಿ ಉಳಿಯದೆ ಹಗ್ಗವಾಗೋದು ಇಲ್ಲಿ. ನಮ್ಮ ಶಾಲೆಯಲ್ಲಿ ಮಾದಿಗರ ಹುಡುಗನೊಬ್ಬ ನನ್ನ ಕ್ಲಾಸಿನಲ್ಲಿದ್ದ, ಗಣಿತದಲ್ಲಿ ಚುರುಕು. ಗಣೇಶನ ಮೆರವಣಿಗೆ ಬಂತೆಂದರೆ ದೊಡ್ಡವರು ಅವನನ್ನೇ ಕರೀತಿದ್ದರು. “ನಿಮ್ಮನೆ ವಿದ್ಯೆ ಅಲ್ಲೇನಲಾ, ಹೊಡಿ.” ಅವನಿಗೆ ತಮಟೆ ಬರ್ತಿರಲಿಲ್ಲ. ಬರಲ್ಲ ಅಂದರೆ ಯಾರೂ ನಂಬ್ತಿರಲಿಲ್ಲ. ಸಾವಿನ ಮನೆ ಮುಂದೆ ಗಂಟೆಗಟ್ಟಲೆ ಬಡಿದು, ದೂರ ನಿಂತು ಅಕ್ಕಿ, ಚಿಲ್ಲರೆ ಇಸಕೊಂಡು ಬರೋ ಅಪ್ಪನನ್ನು ನೋಡಿ ಬೆಳೆದ ಹುಡುಗ ಅದನ್ನು ಬೇಕಂತಲೇ ಕಲಿತಿರಲಿಲ್ಲ. ಈಗ ಪೀಣ್ಯದಲ್ಲಿ ಸಿಎನ್‌ಸಿ ಮೆಷಿನ್ ನೋಡ್ಕೊತಾನೆ. ಮಗನಿಗೆ ತಮಟೆ ಮುಟ್ಟಿಸಲ್ಲ. ಈ ಮನೆಯಲ್ಲಿ ಒಂದು ಕಲೆ ಸತ್ತಿತು ಅಂತ ಯಾರಾದರೂ ಲೇಖನ ಬರೆದರೆ ನಾನು ಅದನ್ನು ಒಪ್ಪಲ್ಲ. ಕಲಿಸದೆ ಇರೋದು ಕೂಡ ಆ ಮನೆಯವರು ಯೋಚಿಸಿ ತಗೊಂಡ ತೀರ್ಮಾನ. ದಲಿತ ಚಳವಳಿಯ ದಿನಗಳಲ್ಲಿ ಎಷ್ಟೋ ಊರಲ್ಲಿ ಸಾವಿಗೆ ತಮಟೆ ಬಡಿಯಲ್ಲ ಅಂತ ನಿಂತವರಿದ್ದಾರೆ. ಅದೇ ತಮಟೆ ಹೋರಾಟದ ಮೆರವಣಿಗೆಗಳ ಮುಂದೆಯೂ ಇತ್ತು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆಗೆ. ಅವರು ಎಷ್ಟೋ ಜನಕ್ಕೆ ಕಲಿಸಿದವರು. ಕಲಿಸಬೇಕಾದ ವಿದ್ಯೆ ಅಂತ ಅವರು ತಿಳಿದಿದ್ದರಿಂದಲೇ ತಾನೆ ಕಲಿಸಿದ್ದು.

ನಮ್ಮ ಟೀಮಿನ ಹುಡುಗಿಯೊಬ್ಬಳು ಹೋದ ವರ್ಷ ವೀಕೆಂಡ್ ಶಿಬಿರದಲ್ಲಿ ತಮಟೆ ಕಲಿತಳು. ಆಫೀಸಿನ ರಾಜ್ಯೋತ್ಸವದಲ್ಲಿ ಹೊಡೆದಾಗ “ಎಷ್ಟು ಬೇಗ ಕಲಿತಿದಾಳೆ!” ಅಂದರು ಎಲ್ಲರೂ. ನಿಜ, ಕಷ್ಟಪಟ್ಟು ಕಲಿತಿದ್ದಳು, ಬೆರಳಿಗೆ ಪ್ಲಾಸ್ಟರ್ ಸುತ್ತಿಕೊಂಡೇ ಕೋಡ್ ಬರೀತಿದ್ದಳು. ಅವಳ ಮೇಲೆ ನನಗೇನೂ ಕೋಪ ಇಲ್ಲ. ಆದರೆ ‘ಕಲಿತಿದಾಳೆ’ ಅನ್ನೋ ಆ ಕ್ರಿಯಾಪದ ಪೀಣ್ಯದ ಗೆಳೆಯನಿಗೆ ಯಾವತ್ತೂ ಸಿಗಲಿಲ್ಲ. ಹಟ್ಟಿಯ ಹುಡುಗನಿಗೂ ಸಿಕ್ಕಿಲ್ಲ.

ಹೋದ ತಿಂಗಳು ಊರಿಗೆ ಹೋದಾಗ ಹುಡುಗನ ಮುಂದೆ ಗಣೆ ಬದಲು ಗೈಡ್ ಇತ್ತು. ಐದನೇ ಕ್ಲಾಸು, ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆ ಕಟ್ಟಿದ್ದಾರೆ. ಸಿಕ್ಕಿದರೆ ಆರರಿಂದ ಹತ್ತನೇ ಕ್ಲಾಸಿನವರೆಗೆ ಹಾಸ್ಟೆಲ್, ಊಟ, ಓದು ಎಲ್ಲ ಅಲ್ಲೇ. ಗೆಳೆಯನಿಗೆ ಅದರಲ್ಲಿ ಎರಡು ಮಾತಿಲ್ಲ, ನಾನೂ ಆ ಜಾಗದಲ್ಲಿದ್ದರೆ ಅದನ್ನೇ ಮಾಡ್ತಿದ್ದೆ. ರಾತ್ರಿ ಪದಕ್ಕೆ ‘ಹೂಂ’ ಅನ್ನೋಕೆ ಯಾರೂ ಇರಲ್ಲ, ಅಷ್ಟೆ. ತಾತನನ್ನು ಕೇಳಿದೆ, ಐದು ವರ್ಷ ಬಿಟ್ಟು ಬಂದರೆ ನೆನಪಿರುತ್ತಾ ಅಂತ.

“ಮರೀತಾನೆ ಕಣಪ್ಪ” ಅಂದರು. “ರಜಕ್ಕೆ ಬಂದಾಗ ಮೊದ್ಲಿಂದ ಹೇಳಿಕೊಟ್ರಾತು.”

ಒಳಗಿಂದ ಮೊಮ್ಮಗಳು ಅವನಿಗೆ ಪರೀಕ್ಷೆಯ ಪ್ರಶ್ನೆ ಕೇಳ್ತಿದ್ದಳು, ನಡುನಡುವೆ ಜುಂಜಪ್ಪನ ಪದದ ಸಾಲು ಗುನುಗಿಕೊಂಡು. ನಾನು ತಾತನ ಅಪ್ಪಣೆ ಕೇಳಿ ಫೋನ್ ಆನ್ ಮಾಡಿ ಗೂಡಿನಲ್ಲಿಟ್ಟೆ. ಒಂದು ಗಂಟೆ ನಲವತ್ತು ನಿಮಿಷ ರೆಕಾರ್ಡ್ ಆಗಿದೆ, ಮಾವಂದಿರ ಮನೆಯವರೆಗೆ. ಉಳಿದಿದ್ದು ದೀಪಾವಳಿಗೆ ಹೋದಾಗ.